ಬೆಳೆಯದ ಒಳಪದರ

"ಈ ಸಲವೂ ಇಲ್ಲ ಅಂದ್ರೆ ಇಲ್ಲಿಗೇ ಮುಗೀತು ಅತ್ತೆ. ಆಮೇಲೆ ಇನ್ನೊಬ್ಬ ಡಾಕ್ಟರು, ಇನ್ನೊಂದು ಊರು ಅಂತ ಶುರು ಹಚ್ಕೋಬೇಡಿ."

"ಬಾಯಿ ಬಿಟ್ರೆ ಬರೀ ಇಲ್ಲ ಅನ್ನೋದೇ ಆಯ್ತು ನಿಂದು," ಎಂದರು ಅತ್ತೆ, ಮೊಣಕೈ ಉಜ್ಜಿಕೊಳ್ಳುತ್ತ.

ಸೊಸೆ ಮುಖ ತಿರುಗಿಸಿದಳು. ಆಸ್ಪತ್ರೆಯ ಹಾಲಿನಲ್ಲಿ ಕುರ್ಚಿಗಳನ್ನು ಒಂದಕ್ಕೊಂದು ಬೆಸೆದುಬಿಟ್ಟಿದ್ದರು. ಅತ್ತೆ ಕಾಲು ಅಲ್ಲಾಡಿಸಿದರೆ ಇವಳ ಕುರ್ಚಿಯೂ ಅಲ್ಲಾಡುತ್ತಿತ್ತು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಕಲಿಯುವವರು ಎಡವಟ್ಟು ಮಾಡಿದರೆ ಒತ್ತಲು ಅವಳ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅತ್ತೆಗೆ ಹಾಕಲು ಅಂಥ ಬ್ರೇಕನ್ನು ಯಾರೂ ಇನ್ನೂ ಕಂಡುಹಿಡಿದಿರಲಿಲ್ಲ.

ವಿಷಯ ಇಷ್ಟೇ. ಆಪರೇಷನ್‌ಗೆ ಮೊದಲು ಗಂಡ ಹೆಂಡತಿ ಮಾಡಿಸಿಟ್ಟಿದ್ದ ಭ್ರೂಣಗಳಲ್ಲಿ ಈಗ ಉಳಿದಿದ್ದು ಒಂದೇ ಒಂದು. ಮೊದಲಿನವು ನಿಲ್ಲಲಿಲ್ಲ. ಈ ಕೊನೆಯದನ್ನು ಗರ್ಭಕೋಶಕ್ಕೆ ಬಿಡಬೇಕೆಂದರೆ ಅದರ ಒಳಪದರ ದಪ್ಪಗೆ ಬೆಳೆಯಬೇಕು. ಅದೋ, ಜಪ್ಪಯ್ಯ ಅಂದರೂ ಬೆಳೆಯುತ್ತಿರಲಿಲ್ಲ. ಮಾತ್ರೆ ಆಯಿತು, ಮೈಗೆ ಅಂಟಿಸುವ ಪ್ಯಾಚ್ ಆಯಿತು, ಇಂಜೆಕ್ಷನ್ ಆಯಿತು. ಎಲ್ಲ ನೀರಲ್ಲಿ ಹೋಮ.

ಕೊನೆಗೆ ಡಾಕ್ಟರಮ್ಮ ಹೊಸದೊಂದು ದಾರಿ ಹೇಳಿದ್ದರು. "ಸ್ವಂತ ರಕ್ತ ತೆಗೆದು ಯಂತ್ರದಲ್ಲಿ ಗಿರ್ರಂತ ತಿರುಗಿಸ್ತೀವಿ. ಪ್ಲೇಟ್‌ಲೆಟ್ ತುಂಬಿರೋ ಪ್ಲಾಸ್ಮಾ ಬೇರೆಯಾಗತ್ತೆ. ಅದನ್ನ ಗರ್ಭಕೋಶದೊಳಗೆ ಬಿಟ್ರೆ ಪದರ ಮತ್ತೆ ಚಿಗುರಬಹುದು. ಬಹುದು ಅಂದೆ, ಗ್ಯಾರಂಟಿ ಅಂದಿಲ್ಲ."

"ಹೊಲಿಯೋ ಕೋಟಿಗೆ ಲೈನಿಂಗ್ ಕೊಡೋದು ಗೊತ್ತಿತ್ತು. ಇದಕ್ಕೂ ಕೊಡ್ತಾರಾ?" ಎಂದು ಅತ್ತೆ ನಕ್ಕಿದ್ದರು. ಸೊಸೆಗೆ ನಗು ಬರಲಿಲ್ಲ. ಕಳೆದ ವಾರ ಸಿರಿಂಜಿನ ತಳದಲ್ಲಿದ್ದ ಹಳದಿ ದ್ರವ ನೋಡಿದಾಗ, ಅಷ್ಟು ರಕ್ತ ಹೀರಿ ಕೊಟ್ಟಿದ್ದು ಇಷ್ಟೇನಾ ಎಂದು ಮೈಯೆಲ್ಲ ಉರಿದಿತ್ತು.

ಅತ್ತೆಯದು ಟೈಲರಿಂಗ್ ಅಂಗಡಿ. ಈಗ ಅದಕ್ಕೆ ಬಾಗಿಲು ಹಾಕಿ, ಇದೇ ಕೆಲಸ ಅಂತ ಕೂತಿದ್ದಾರೆ. ಮನೆಯಲ್ಲಿ ಕಾಫಿ ಬಂದ್. ಮಾತ್ರೆಯ ಹೊತ್ತಿಗೆ ಅವರ ಮೊಬೈಲೇ ಬಡಿದುಕೊಳ್ಳುತ್ತದೆ. "ಅಮ್ಮನ ಹಠಕ್ಕೆ ನೀನೂ ಕುಣೀಬೇಡ, ನಾವಿಬ್ಬರೇ ಇದ್ದುಬಿಡೋಣ," ಎಂದು ಗಂಡ ಅಂಗಲಾಚಿದ್ದ. ಮಗನ ಮಾತು ಅತ್ತೆಯ ಕಿವಿಗೆ ಬೀಳುವುದುಂಟೇ?

ಅತ್ತೆ ಶೌಚಾಲಯದ ಕಡೆ ಎದ್ದುಹೋದದ್ದೇ ತಡ, ಎದುರು ಕುರ್ಚಿಯ ಹೆಂಗಸು ಇತ್ತ ಬಾಗಿದಳು. "ಅತ್ತೇನಾ? ಕಾವಲಿಗೆ ಬಂದಿದ್ದಾರಾ? ನಮ್ಮನೇಲೂ ಇದೇ ಗೋಳು. ಮೊಮ್ಮಗು, ಮೊಮ್ಮಗು ಅಂತ ಪ್ರಾಣ ತಿಂತಾರೆ. ಚುಚ್ಚಿಸ್ಕೊಳ್ಳೋರಿಗಲ್ವಾ ಗೊತ್ತು ನೋವು?"

"ಹೌದು. ಚುಚ್ಚಿಸ್ಕೊಳ್ಳೋರಿಗೇ ಗೊತ್ತು," ಎಂದಳು ಸೊಸೆ. ಆ ಹೆಂಗಸಿನ ಮೇಲೆ ರೇಗಿತು, ಅತ್ತೆಯ ಮೇಲೆ ರೇಗಿತು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ರೇಗಿತು. ತನ್ನ ದೇಹ ನೆಟ್ಟಗಿದ್ದಿದ್ದರೆ ಯಾರಿಗೂ ಈ ಪಾಡು ಇರುತ್ತಿರಲಿಲ್ಲ.

ಅತ್ತೆ ಬರುವಷ್ಟರಲ್ಲಿ ನರ್ಸ್ ಕರೆದಳು. ಇಬ್ಬರೂ ಒಳಗೆ ಹೋದರು.

ಸ್ಕ್ಯಾನ್ ಕೋಣೆಯಲ್ಲಿ ದೀಪ ಆರಿಸಿದ್ದರು. ಡಾಕ್ಟರಮ್ಮ ಪರದೆಯ ಮೇಲಿನ ಕಣ್ಣು ಕೀಳದೆ ಹೇಳಿದರು, "ನೋಡಿ, ದೇಹಕ್ಕೆ ಪದೇ ಪದೇ ಹಿಂಸೆ ಕೊಡೋದು ನನಗಿಷ್ಟ ಇಲ್ಲ. ಇವತ್ತೂ ಬೆಳೆದಿಲ್ಲ ಅಂದ್ರೆ ನಿಲ್ಲಿಸಿಬಿಡ್ತೀನಿ. ನೀವಿಬ್ಬರೂ ಎಷ್ಟೇ ಬೇಡ್ಕೊಂಡ್ರೂ ಅಷ್ಟೇ."

ಸೊಸೆ ಅತ್ತೆಯ ಕೈ ಹಿಡಿದಳು. ಸೂಜಿ ಹಿಡಿದು ಒರಟಾದ ಆ ಬೆರಳುಗಳು ತಣ್ಣಗಿದ್ದವು. ಪರದೆಯ ಮೇಲೆ ಬೂದು ಪಟ್ಟಿಯೊಂದು ಕದಲಿತು. ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿಕೊಂಡಳು. ಇಲ್ಲ ಅಂತ ಬೇಗ ಹೇಳಿಬಿಡಲಿ, ಪೀಡೆ ತೊಲಗಲಿ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಮರುಕ್ಷಣವೇ ಅಳು ಬಂತು.

"ಬಂದಿದೆ," ಎಂದರು ಡಾಕ್ಟರಮ್ಮ. ನಂಬಿಕೆ ಸಾಲದೆ ಇನ್ನೊಮ್ಮೆ ಅಳೆದರು. "ಚೆನ್ನಾಗೇ ಬಂದಿದೆ. ಇನ್ನು ಭ್ರೂಣ ಬಿಡಬಹುದು. ಏಳಿ, ಬಟ್ಟೆ ಸರಿ ಮಾಡ್ಕೊಳ್ಳಿ."

ಅತ್ತೆ ಮಂಚದಿಂದ ಕಾಲು ಇಳಿಬಿಟ್ಟು, ಆಪರೇಷನ್‌ನಲ್ಲಿ ಗರ್ಭಕೋಶವನ್ನೇ ಕಳೆದುಕೊಂಡಿದ್ದ ಸೊಸೆಯ ಕೆನ್ನೆ ಒರೆಸಿದರು. "ಅಳು ನಿಲ್ಸು ಸಾಕು. ಒಂಬತ್ತು ತಿಂಗಳು ನಿನ್ನ ಮಗೂನ ನಾನು ಹೊಟ್ಟೇಲಿ ಇಟ್ಕೊಂಡಿರ್ತೀನಿ. ಆಮೇಲೆ ನಿನ್ನ ಪಾಡು, ಅದರ ಪಾಡು."