ಅತ್ತೆ ಓದಿದ ಸುದ್ದಿ

ಪೌಡರಿನ ವಾಸನೆ ಬಂದರೆ ಈಗಲೂ ನನಗೆ ಬೆಟಗೇರಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅತ್ತೆ ಊರಿನ ಕೇಬಲ್ ಚಾನೆಲ್‌ನಲ್ಲಿ ಸುದ್ದಿ ಓದಲು ಸೇರಿದಾಗಿನಿಂದ ಅಜ್ಜ ಮಗಳೊಡನೆ ಮಾತು ಬಿಟ್ಟಿದ್ದ. ಅವತ್ತೂ ಅವಳು ಮುಖಕ್ಕೆ ಪೌಡರ್ ಹಚ್ಚಿಕೊಂಡು ಸ್ಟುಡಿಯೋಕ್ಕೆ ಹೋದಳು.

ಊರಲ್ಲಿ ಬಿಸಿಲಿದ್ದರೂ ಟಿವಿಯಲ್ಲಿ ತುಂಗಭದ್ರೆ ಮೇಲಿನ ಸೀಮೆಯ ಮಳೆಗೆ ತುಂಬಿ ಹರಿಯುತ್ತಿತ್ತು. ಅದರ ಕಂದು ಬೆಳಕು ಅಜ್ಜಿಯ ಮುಖದ ಮೇಲೂ ತೇಲುತ್ತಿತ್ತು. ಕೊರ್ಲಹಳ್ಳಿಗೆ ನೀರು ನುಗ್ಗಿದೆ ಎಂದು ಅತ್ತೆ ಓದಿದಳು. ಅದು ಅಜ್ಜಿಯ ತವರು. ಅಜ್ಜಿ ಎದ್ದು ಟಿವಿಯ ಬೆಚ್ಚಗಿನ ಗಾಜಿನ ಮೇಲೆ ಅಂಗೈ ಇಟ್ಟು ಮಗಳನ್ನು ಕೇಳಿದಳು.

"ನನ್ನ ತಮ್ಮ ಹೆಂಗದಾನವಾ?"

ಟಿವಿಯಲ್ಲಿ ಸುದ್ದಿ ಓದಿ ಮುಗಿಸಿದ ಅತ್ತೆ ಕಾಗದ ಕೆಳಗಿಟ್ಟು, ಮನೆಯ ಮಾತಿನಲ್ಲೇ ಹೇಳಿದಳು: "ಕೊರ್ಲಹಳ್ಳಿ ಮಂದಿ ಎಲ್ಲಾರೂ ಸಾಲ್ಯಾಗ ಆರಾಮ ಅದಾರ. ಯಾರೂ ಅಂಜಬ್ಯಾಡ್ರಿ."

ಸುದ್ದಿ ಮುಗಿಯುವವರೆಗೂ ಅಜ್ಜ ಟಿವಿ ಮುಂದಿನಿಂದ ಏಳಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿಕೊಂಡ.

"ಬಿಸಲು ಭಾಳ ಐತಿ. ನಾನ ಹೋಗಿ ಆಕಿನ್ನ ಕರಕೊಂಡು ಬರ್ತೀನಿ," ಅಂದ.