ಹವಳದಿಬ್ಬದ ಮೇಲೆ ಕಳಚಿದ ಮಾಂಗಲ್ಯ

ಕೆರಿಬಿಯನ್ ದ್ವೀಪವೊಂದರ ಹವಳದಿಬ್ಬದ ಮೇಲೆ ದೋಣಿ ನಿಂತಿತು. ಹೊಳೆಯುವ ಒಡವೆಯ ಮೇಲೆ ಬರಾಕುಡಾ ಮೀನು ಎರಗುವುದುಂಟು, ಮಾಂಗಲ್ಯವನ್ನು ಕಳಚಿ ಎಂದ ಮಾರ್ಗದರ್ಶಿ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡಿದ್ದ ಅವಳು ಹಿಂಜರಿದು ಪತಿಯತ್ತ ತಿರುಗಿದಳು. “ತೆಗೆದು ನಿಮಗೇನಾದ್ರೂ ಆದ್ರೆ?”

ಕಿವಿನೋವಿನಿಂದ ದೋಣಿಯಲ್ಲೇ ಉಳಿಯಲಿದ್ದ ಅವನು ನಕ್ಕ. “ಎಂ.ಎಸ್ಸಿ. ಮಾಡಿದೋಳು ಕಣೇ ನೀನು. ಚಿನ್ನಕ್ಕೂ ನನ್ನ ಆಯಸ್ಸಿಗೂ ಏನು ಸಂಬಂಧ? ಕೊಡು ಇಲ್ಲಿ.”

ಅವಳು ಕೊಟ್ಟು ಮಾರ್ಗದರ್ಶಿಯ ಹಿಂದೆ ಧುಮುಕಿದಳು. ಕದಡಿದ ನೀರಿನ ಮೇಲೆ ಅವಳ ಉಸಿರಿನ ಗುಳ್ಳೆಗಳು ಕೆಲಕಾಲ ಕಂಡು, ಬಳಿಕ ಕಾಣದಾದವು. ಪತಿ ಎದ್ದ, ಕುಳಿತ, ಮತ್ತೆ ಎದ್ದ. ಗುಳ್ಳೆಗಳೇಕೆ ಬರುತ್ತಿಲ್ಲವೆಂದು ನಾವಿಕನನ್ನು ಪದೇ ಪದೇ ಪೀಡಿಸಿದ.

ಕಡೆಗೆ ಅವಳು ದೂರದಲ್ಲಿ ತಲೆಯೆತ್ತಿದಳು. ದೋಣಿಯೇರಿದವಳೇ, “ಹವಳವೆಲ್ಲ ನೀರಿನ ಬಿಸಿಗೆ ಬೆಳ್ಳಗಾಗಿಬಿಟ್ಟಿದೆ ರೀ,” ಎನ್ನುತ್ತ ಕೈಚಾಚಿದಳು. “ಎಲ್ಲಿ, ನನ್ನ ತಾಳಿ ಕೊಡಿ.”

ಅವನು ತಲೆತಗ್ಗಿಸಿ ಅಂಗಿಯ ಮೇಲಿನ ಗುಂಡಿ ಬಿಚ್ಚಿದ. ಅದನ್ನು ತನ್ನ ಕೊರಳಿಗೇ ಹಾಕಿಕೊಂಡಿದ್ದ.