ಮೂರನೇ ಚಾಪೆಯ ನೋವು

"ಇನ್ನು ನಿನ್ನ ಹತ್ರ ಒಂದು ಮಾತಾಡಿದ್ರೆ ನಾನು ನಿನ್ನ ಅಕ್ಕನೇ ಅಲ್ಲ!"

ತಮ್ಮನಿಗೆ ಅವಳು ಹಾಗೆಂದು ಒಂಬತ್ತು ವರ್ಷವಾಗಿತ್ತು. ನೆಂಟರೆಲ್ಲ ಕೂತಿದ್ದಾಗ ಅವನು, "ಅಕ್ಕ ಕೈಯಿಟ್ರೆ ನೋವು ಮಾಯವಂತೆ. ಆಸ್ಪತ್ರೆಗೆಲ್ಲ ಬೀಗ ಹಾಕ್ಸೋಣ," ಎಂದು ನಗಿಸಿದ್ದ. ಅಂದಿನಿಂದ ಅವಳು ಅವನೊಡನೆ ಬಾಯಿ ಬಿಟ್ಟಿರಲಿಲ್ಲ.

ಈಗ ಅದೇ ತಮ್ಮ, ಅವಳು ವಾರಕ್ಕೊಮ್ಮೆ ಚಿಕಿತ್ಸೆ ಕೊಡುವ ಯೋಗಶಾಲೆಯ ಮೂರನೇ ಚಾಪೆಯ ಮೇಲೆ ಅಂಗಾತ ಬಿದ್ದಿದ್ದ.

ಆಸನಗಳು ಮುಗಿದ ಮೇಲೆ ಎಲ್ಲರೂ ಕಣ್ಣಿಗೆ ಬಟ್ಟೆ ಹಾಕಿಕೊಂಡು ಶವಾಸನದಲ್ಲಿ ಮಲಗಬೇಕು. ಆಗ ಅವಳು ಹಿಂಬಾಗಿಲಿನಿಂದ ಬಂದು, ನೋವಿದ್ದಲ್ಲಿ ಕೈಯಿಟ್ಟು ಶಕ್ತಿ ಹರಿಸಿ, ಅವರು ಕಣ್ಣು ಬಿಡುವ ಮೊದಲೇ ಹೊರಟುಬಿಡಬೇಕು. ಯಾರೂ ತುಟಿಪಿಟಕ್ಕೆನ್ನುವಂತಿಲ್ಲ.

"ಬಲಭುಜ ಎತ್ತಕ್ಕಾಗಲ್ವಂತೆ," ಎಂದು ಯೋಗದ ಮೇಷ್ಟ್ರು ಬಾಗಿಲ ಹೊರಗೇ ಹೇಳಿದ್ದರು. "ಗೋಡೆಗೆ ಬಣ್ಣ ಹೊಡಿಯೋರು. ಊರಿನ ಆ ತುದಿಯಿಂದ ಎರಡು ಬಸ್ಸು ಬದಲಾಯಿಸಿ ಬರ್ತಾರೆ, ಪಾಪ."

ಸಿಕ್ಕಿಬಿದ್ದೆಯಾ ಮಗನೇ, ಅಂದುಕೊಂಡಳು. ಗುಣಪಡಿಸಬೇಕು, ಬಾಯೇ ತೆರೆಯದೆ ಗೆಲ್ಲಬೇಕು. ಅಂಗೈ ಉಜ್ಜಿ ಬಿಸಿ ಮಾಡಿ ಭುಜ ಒತ್ತಿದಳು, ಬೇಕಾದ್ದಕ್ಕಿಂತ ತುಸು ಜೋರಾಗಿಯೇ. ಅವನು ಹಾಯಾಗಿ ನಿದ್ದೆಹೋದ. ಬಾಯಿ ಚಿಕ್ಕಂದಿನಂತೆಯೇ ಅರೆತೆರೆದಿತ್ತು. ಅದನ್ನು ನೋಡಬಾರದೆಂದು ಅವಳು ಗೋಡೆ ನೋಡಿದಳು.

ಮುಂದಿನ ವಾರ ನೋವು ಎಡಭುಜಕ್ಕೆ ಬಂದಿತ್ತು. ಅದರ ಮುಂದಿನ ವಾರ ಕುತ್ತಿಗೆಗೆ. ಆಮೇಲೆ ಮೊಣಕಾಲಿಗೆ.

"ಏನಮ್ಮಾ, ಈ ನೋವು ಊರೂರು ಸುತ್ತಾ ಇದೆ?" ಮೇಷ್ಟ್ರಿಗೆ ಗುಮಾನಿ.

"ಶಕ್ತಿ ಹರಿಯೋಕೆ ಶುರುವಾದ್ರೆ ಹಂಗೇ ಸಾರ್. ನೋವು ಓಡಿಹೋಗೋಕೆ ದಾರಿ ಹುಡುಕುತ್ತೆ," ಎಂದಳು ಗತ್ತಿನಿಂದ.

ಇವತ್ತು ಅದು ಕಾಲಿನ ಕಿರುಬೆರಳಿಗೆ ಇಳಿದಿತ್ತು. ಇನ್ನೇನು, ದೇಹ ಬಿಟ್ಟೇ ಹೋಗಬೇಕು. ಗೆದ್ದ ಖುಷಿಯಲ್ಲಿ ಕೈ ತೆಗೆದು, ದಿಂಬು ಸರಿಮಾಡಲು ತಲೆಯ ಕಡೆ ಬಾಗಿದಳು. ಅವನ ಬಲಗೈ ಸರ್ರನೆ ಮೇಲೆದ್ದು ಅವಳ ಮಣಿಕಟ್ಟು ಹಿಡಿಯಿತು. ಕಣ್ಣಿನ ಬಟ್ಟೆ ಹಾಗೆಯೇ ಇತ್ತು.

"ಅಕ್ಕಾ," ಅವನು ಪಿಸುಗುಟ್ಟಿದ. "ಮುಂದಿನ ವಾರ ನೋವು ಎಲ್ಲಿಗೆ ಬರ್ಲಿ, ನೀನೇ ಹೇಳು. ನಂಗಂತೂ ಇನ್ನು ಜಾಗಾನೇ ಹೊಳೀತಿಲ್ಲ."

"ಕತ್ತೆ!"

ಆ ಕೂಗಿಗೆ ಶವಾಸನದ ಶವಗಳೆಲ್ಲ ಎದ್ದು ಕೂತವು. ಒಂಬತ್ತು ವರ್ಷದ ಶಪಥ ಮುರಿಯಿತು.